ಅವ್ವನ ಕಾಲಿಗೊಂದು ಹೀಟರ್

ಹೀಟರಿಗೆ ಕೊಟ್ಟ ಕರೆಂಟೆಲ್ಲ ಹೇಗಿದ್ದರೂ ಶಾಖವೇ ಆಗುತ್ತದೆ. ಆ ಶಾಖ ಎಲ್ಲಿಗೆ ಹೋಗುತ್ತದೆ ಅನ್ನುವುದೇ ಪ್ರಶ್ನೆ. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಅದು ತೆರೆದ ಬಾಗಿಲಿನಿಂದ ಸೀದಾ ಬೀದಿಗೆ ಹೋಗುತ್ತಿತ್ತು. ಚಳಿಗೆ ಅವ್ವನ ಮಂಡಿ ಹಿಡಿದುಕೊಳ್ಳುತ್ತದೆಂದು ನಾನೇ ಮಾಡಿದ ಹೀಟರ್ ಅದು. ಸಂಜೆ ಬಾಗಿಲು ಹಾಕೆಂದು ಅವ್ವನೊಂದಿಗೆ ವಾದಿಸಿದೆ.

“ದೀಪ ಹಚ್ಚೋ ಹೊತ್ನಲ್ಲಿ ಬಾಗ್ಲಾಕುದ್ರೆ ಲಕ್ಷ್ಮಿ ಎಂಗ್ಲಾ ಒಳಕ್ಕೆ ಬತ್ತಾಳೆ?”

“ಇಷ್ಟ್ ವರ್ಷ ತೆಗ್ದೇ ಮಡಗಿದ್ದೀಯಲ್ಲವ್ವಾ, ಬಂದ್ಲಾ?”

“ನಿನ್ ಬಾಯ್ಗೆ ಎದ್ರಿ ವಾಪಸ್ ಒಂಟೋದ್ಲು ಕಣ್ಲಾ.”

ಚಾಮರಾಜನಗರದ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೊನೆಗೆ ಮನೆಯನ್ನೆಲ್ಲ ಬೆಚ್ಚಗಾಗಿಸುವ ಆಸೆ ಬಿಟ್ಟು, ಅವಳ ಕಾಲನ್ನಷ್ಟೇ ಬೆಚ್ಚಗಿಡುವ ಮರದ ಪೆಟ್ಟಿಗೆ ಮಾಡಿದೆ. ಒಳಗೆ ಕೆಂಪಾಗದೆ ಕಾಯುವ ಸಣ್ಣ ತಗಡು, ಮುಂದೆ ಕಂಬಳಿಯ ಪರದೆ. ಬಾಗಿಲು ತೆಗೆದಿದ್ದರೂ ಕಾಲು ಬೆಚ್ಚಗಾಯಿತು. ಆದರೆ ಅವ್ವ ಗಳಿಗೆಗೊಮ್ಮೆ ಕಂಬಳಿ ಎತ್ತುತ್ತಾಳೆ.

“ಕೆಂಪ್ಗೇ ಆಗಿಲ್ವಲ್ಲಾ, ಉರೀತಾ ಅದಾ ಅಂತ ನೋಡ್ದೆ.”