ಲಕ್ಕಪ್ಪ ಕಾಕಾನ ಒಂದೇ ವಾಕ್ಯ

ಮೊದಲ ಸಲ ನೋಡಿದಾಗ ಲಕ್ಕಪ್ಪ ಕಾಕಾ ಎದೆಮಟ್ಟ ನೀರಿನಲ್ಲಿ ನಿಂತಿದ್ದರು. ಜನವರಿಯ ಬೆಳಗು, ಎಂಟೂವರೆ ಇರಬೇಕು. ಕೆರೆಯ ತೂಬಿನ ಬಾಯಿಗೆ ಸಿಕ್ಕಿಕೊಂಡ ಜೊಂಡನ್ನು ಕಿತ್ತು ದಂಡೆಗೆ ಎಸೆಯುತ್ತಿದ್ದರು. ಒಂದು ಮುದ್ದೆ ನನ್ನ ಚಪ್ಪಲಿಯ ಮೇಲೆ ಬಿತ್ತು. ದಂಡೆಯ ಕಲ್ಲಿನ ಮೇಲೆ ಕರಿ ಕಂಬಳಿ, ಅದರ ಮೇಲೆ ಮಡಿಸಿದ ಅಂಗಿ, ಅಂಗಿಯ ಮೇಲೆ ತಂಬಾಕಿನ ಚೀಲ ಇದ್ದವು.

"ಸರ್ವೇದಾವ್ರೇನ್ರಿ ಅಕ್ಕಾರ?" ಎಂದು ನೀರಿನಿಂದಲೇ ಕೇಳಿದರು. "ಕೆರಿ ಅಳ್ಯಾಕ ಬಂದಿದ್ರ ಆ ಕಡೆಯಿಂದ ಸುರು ಮಾಡ್ರಿ. ಇಲ್ಲಿ ಅಳದ್ರ ನನ್ನೂ ಸೇರಿಸಿ ಅಳೀಬೇಕಾಕ್ಕೈತಿ."

ನಾನು ದುಂಡಸಿಯ ಕಡೆಯವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಆ ವರ್ಷ ಒಂದು ಸಂಸ್ಥೆಯವರು ಹಾನಗಲ್ ತಾಲೂಕಿನ ಕೆರೆಗಳ ವಿವರ ಬರೆದುಕೊಳ್ಳಲು ನನಗೆ ಮೂರು ತಿಂಗಳ ಕೆಲಸ ಕೊಟ್ಟಿದ್ದರು. ಆಡೂರಿನಿಂದ ಆಚೆ ಇದ್ದ ಆ ಸಣ್ಣ ಕೆರೆಗೆ ಬಂದದ್ದು ಹಾಗೆ. ಫಾರಮ್ಮಿನ ಕೊನೆಗೆ ಹಕ್ಕಿಗಳಿಗಾಗಿ ಅರ್ಧ ಪುಟವಿತ್ತು. ಅದನ್ನು ಇಂಗ್ಲಿಷಿನಲ್ಲಿ ತುಂಬಬೇಕಿತ್ತು.

ಹಕ್ಕಿ ಎಂದ ಕೂಡಲೇ ಕಾಕಾ ನೀರಿನಿಂದ ಮೇಲೆ ಬಂದು, ಏರಿಯ ತಿರುವಿನಲ್ಲಿದ್ದ ಮತ್ತಿ ಮರವನ್ನು ತೋರಿಸಿದರು. ಮೇಲಿನ ಟೊಂಗೆಯಲ್ಲಿ ದೊಡ್ಡ ಗೂಡು, ಪಕ್ಕದಲ್ಲಿ ಎರಡು ಕೊಕ್ಕರೆ. ಮೈ ಕಪ್ಪು, ಕಾಲು ಕೆಂಪು, ಕುತ್ತಿಗೆ ಮಾತ್ರ ಹಿಂಜಿದ ಉಣ್ಣೆಯ ಹಾಗೆ ಬೆಳ್ಳಗೆ.

"ಕರೇ ಕಂಬಳಿಯೊಳಗಿಂದ ಕುರಿಮರಿ ಕೊಳ್ಳು ಹೊರಗ ಹಾಕ್ದಂಗ ಐತಿ ನೋಡ್ರಿ," ಎಂದರು.

ನನ್ನ ಕೈಯಲ್ಲಿದ್ದ ಪುಸ್ತಕದಲ್ಲಿ ಅದೇ ಹಕ್ಕಿಯ ಚಿತ್ರವಿತ್ತು. ಕೆಳಗೆ 'ವೂಲಿ-ನೆಕ್ಡ್ ಸ್ಟಾರ್ಕ್' ಎಂದಿತ್ತು. ಉಣ್ಣೆಗೊರಳಿನ ಕೊಕ್ಕರೆ ಎಂದು ಅರ್ಥ ಹೇಳಿದೆ.

"ಅಂದ್ರ ಇಂಗ್ಲೆಂಡದಾವ್ರಿಗೂ ಕುರೀನ ನೆನಪಾದ್ವು," ಎಂದು ನಕ್ಕರು.

ಅವರು ಆ ಊರಿನ ನೀರಗಂಟಿ. ತೂಬು ತೆರೆದು ಪಾಳಿಯಂತೆ ಹೊಲಗಳಿಗೆ ನೀರು ಬಿಡುವುದು ಅವರ ಮನೆತನದ ಕೆಲಸ. ಓದಿದ್ದು ನಾಲ್ಕನೆಯ ಇಯತ್ತೆ. ಮನೆಗೆ ಕರೆದುಕೊಂಡು ಹೋಗಿ, ಗೋಡೆಯ ಮೊಳೆಗೆ ಚುಚ್ಚಿದ್ದ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತೋರಿಸಿದರು. ಹನ್ನೆರಡು ವರ್ಷದ ಹಾಳೆಗಳು. ಪ್ರತಿಯೊಂದರ ಹಿಂದೆ ಕನ್ನಡದಲ್ಲಿ ಬರೆದಿದ್ದರು. ಎಳ್ಳಮವಾಸ್ಯೆಯ ಮರುದಿನ ಮತ್ತಿ ಮರಕ್ಕೆ ಮೊದಲ ಕಡ್ಡಿ ತಂದವು. ಶಿವರಾತ್ರಿಗೆ ಗೂಡಿನಲ್ಲಿ ಮರಿಯ ತಲೆ ಕಂಡಿತು. ಹೋಳಿಯ ಹಿಂದಿನ ದಿನ ಒಂದು ಮರಿ ಬಿದ್ದು ಸತ್ತಿತು.

ಏರಿಯ ಮೇಲಿನ ದಾರಿಯನ್ನು ಅಗಲ ಮಾಡುತ್ತಾರೆಂಬ ಮಾತು ಆಗಲೇ ಊರಲ್ಲಿತ್ತು. "ಇದನ್ನ ತೋರಿಸಿದ್ರ ಮರ ಉಳೀತೈತೇನ್ರಿ?" ಎಂದು ಕೇಳಿದರು.

"ಕ್ಯಾಲೆಂಡರ್ ಹಿಂದ ಕನ್ನಡದಾಗ ಬರದ್ರ ಯಾರು ನೋಡ್ತಾರ ಕಾಕಾ? ಇಂಗ್ಲಿಷಿನಾಗ ಬರೀರಿ. ದಿನಾ ಬರೀರಿ. ಅದಕ್ಕ ಕಿಮ್ಮತ್ತು ಇರ್ತೈತಿ," ಎಂದೆ. ನಾನು ಅದನ್ನು ನಂಬಿದ್ದೆ. ನನ್ನ ಡಿಗ್ರಿ ನನಗೆ ಕಲಿಸಿದ್ದೂ ಅದನ್ನೇ.

ಮರುದಿನ ಹಾನಗಲ್ಲಿನಿಂದ ಉದ್ದನೆಯ ರಟ್ಟಿನ ಪುಸ್ತಕ ತಂದು ಮೊದಲ ಪುಟದಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಟ್ಟೆ: 'ಟೂ ವೂಲಿ-ನೆಕ್ಡ್ ಸ್ಟಾರ್ಕ್ಸ್ ಆರ್ ಸ್ಟ್ಯಾಂಡಿಂಗ್ ನಿಯರ್ ದ ಟ್ಯಾಂಕ್.' ಎರಡು ಉಣ್ಣೆಗೊರಳಿನ ಕೊಕ್ಕರೆಗಳು ಕೆರೆಯ ಹತ್ತಿರ ನಿಂತಿವೆ. ಮೇಲೆ ತಾರೀಖು ಹಾಕಿ, ಹಕ್ಕಿಯ ಸಂಖ್ಯೆ ಮಾತ್ರ ಬದಲಿಸಿ ಎಂದೆ. ಅವರು ಒಂದು ವಾರ ತಿದ್ದಿದರು. ವೂಲಿ ಮತ್ತು ನೆಕ್ಡ್ ನಡುವಿನ ಸಣ್ಣ ಗೆರೆಯನ್ನು ಎಷ್ಟು ಒತ್ತಿ ಎಳೆಯುತ್ತಿದ್ದರೆಂದರೆ ಕೆಲವು ಕಡೆ ಕಾಗದ ಹರಿದಿತ್ತು.

"ಗೂಡು ಕಟ್ಟಿದ್ರ, ಮರಿ ಆದ್ರ ಏನ್ ಬರೀಲ್ರಿ?"

"ಸದ್ಯ ಇಷ್ಟು ಸಾಕು ಕಾಕಾ. ಉಳಿದದ್ದು ಮುಂದಿನ ಸಲ ಕಲಿಸ್ತೇನಿ."

ಮುಂದಿನ ಸಲ ಬರಲಿಲ್ಲ. ಸರ್ವೇ ಮುಗಿಯಿತು, ನಾನು ಶಿಗ್ಗಾಂವಿಯ ಖಾಸಗಿ ಶಾಲೆಯೊಂದಕ್ಕೆ ಸೇರಿದೆ. ಕಾಕಾ ಆಗಾಗ ಫೋನು ಮಾಡಿ, "ಬರ್ಯಾಕತ್ತೇನ್ರಿ ಅಕ್ಕಾರ," ಎನ್ನುತ್ತಿದ್ದರು. ನಾನು "ಛಲೋ ಆತ್ರಿ," ಎನ್ನುತ್ತಿದ್ದೆ.

ಮೂರು ವರ್ಷದ ನಂತರ ಆಗಸ್ಟ್ ತಿಂಗಳಲ್ಲಿ, ರಸ್ತೆಗೆ ಕಡಿಯುವ ಮರಗಳ ಬಗ್ಗೆ ಅಹವಾಲು ಕೇಳಲು ಅಧಿಕಾರಿಯೊಬ್ಬರು ಆ ಊರಿನ ಸಮುದಾಯ ಭವನಕ್ಕೆ ಬಂದರು. ಕಾಕಾ ಕರೆದರೆಂದು ನಾನೂ ಹೋಗಿದ್ದೆ. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪುಸ್ತಕವನ್ನು ಎರಡೂ ಕೈಯಿಂದ ಮೇಜಿನ ಮೇಲೆ ಇಟ್ಟರು. ಅಧಿಕಾರಿ ಒಂದು ಪುಟ ಓದಿದರು. ಹತ್ತು ಪುಟ ಮಗುಚಿದರು. ಕೊನೆಯ ಪುಟ ನೋಡಿದರು.

"ಎಲ್ಲಾ ಕಡೆ ಒಂದ ವಾಕ್ಯ ಐತಲ್ರಿ. ಒಂದ ದಿನ ಕುಂತು ಬರದೀರೇನು?"

"ಇಲ್ರೀ ಸಾಹೇಬ್ರ, ಮೂರು ವರ್ಷದ್ದೈತ್ರಿ. ಸಂಖ್ಯಾ ನೋಡ್ರಿ. ಎರಡು, ಎರಡು, ಇಲ್ಲಿ ಐದು. ಮೂರು ಮರಿ ಆದ್ವು."

"ಮರಿ ಅಂತ ಎಲ್ಲಿ ಬರದೀರಿ? ಐದು ಹಕ್ಕಿ ಕೆರಿ ಹತ್ರ ನಿಂತಾವ ಅಂತ ಐತಿ. ಗೂಡಿನ ಸುದ್ದಿ ಇಲ್ಲ, ಮರದ ಹೆಸರಿಲ್ಲ. ಈಗ ಹೋದ್ರ ಗೂಡು ತೋರಸ್ತೀರೇನು?"

"ಮಳಿಗಾಲದಾಗ ಇರಂಗಿಲ್ರಿ. ಎಲ್ಲಾ ಉದುರಿರ್ತೈತಿ."

"ಮೂರು ವರ್ಷ ನಿಂತು ಕಾಲು ನೋಯ್ಲಿಲ್ಲೇನೋ ಲಕ್ಕಪ್ಪ ನಿನ್ನ ಹಕ್ಕಿಗೆ?" ಎಂದು ಹಿಂದಿನಿಂದ ಯಾರೋ ಅಂದರು. ಸಭೆ ನಕ್ಕಿತು. ಕಾಕಾ ನನ್ನ ಕಡೆ ತಿರುಗಿ ನೋಡಿದರು.

ನಾನು ಎದ್ದು, ಹಾಗೆ ಬರೆಯಲು ಹೇಳಿದವಳು ನಾನೇ ಎಂದೆ. "ಹಂಗಿದ್ರ ಇದು ನಿಮ್ಮ ಮಾತಾತು, ಅವರದಲ್ಲ," ಎಂದರು ಅಧಿಕಾರಿ. ಸಿಟ್ಟಿನಿಂದ ಹೇಳಲಿಲ್ಲ. ಆಗ ಮೊಳೆಗೆ ಚುಚ್ಚಿದ್ದ ಹಾಳೆಗಳು ನೆನಪಾದವು. ಕ್ಯಾಲೆಂಡರ್ ತರಿಸಿರಿ ಕಾಕಾ ಎಂದೆ. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಹುಚ್ಚವ್ವ ಉತ್ತರ ಕೊಟ್ಟರು.

"ಹೋದ ಉಗಾದಿಗೆ ನೀರೊಲಿಗೆ ಹಾಕಿದ್ವಿರಿ ಅಕ್ಕಾರ. ಕನ್ನಡದಾಗ ಬರದದ್ದಕ್ಕ ಕಿಮ್ಮತ್ತಿಲ್ಲ ಅಂತ ನೀವು ಹೇಳಿದ್ರಂತಲ್ಲ. ಇವರ ತಗದ ಕೊಟ್ರು."

ಅವರ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಗಣೇಶ ಹಬ್ಬ ಮುಗಿದ ವಾರದಲ್ಲಿ ಮತ್ತಿ ಮರ ಕಡಿದರು. ಅಗಲವಾದ ಏರಿಯ ಅಡಿಯಲ್ಲಿ ಹಳೆಯ ತೂಬು ಮುಚ್ಚಿಹೋಯಿತು. ಅದರ ಬದಲು ಪೈಪು ಬಂತು, ಅದರ ಕೀಲಿ ಬೇರೆಯವರ ಕೈಗೆ ಹೋಯಿತು. ನೀರಗಂಟಿ ಬೇಕಾಗಲಿಲ್ಲ.

ಜನವರಿಯಲ್ಲಿ ಎರಡು ಕೊಕ್ಕರೆ ಬಂದವಂತೆ. ಮರವಿದ್ದ ಜಾಗದ ಮೇಲೆ ಸುತ್ತಿ, ಎರಡು ದಿನ ಕೆರೆಯ ಹತ್ತಿರ ಹೊಸ ಮಣ್ಣಿನ ಮೇಲೆ ನಿಂತು ಹೋದವಂತೆ. ಕಾಕಾ ಕೊಟ್ಟ ಆ ಪುಸ್ತಕ ಈಗ ನನ್ನ ಬಳಿ ಇದೆ. ಕೊನೆಯ ಎರಡು ತಾರೀಖಿನ ಕೆಳಗೆ ಅದೇ ವಾಕ್ಯವಿದೆ, ಗೆರೆ ಒತ್ತಿದಲ್ಲಿ ಕಾಗದ ಹರಿದಿದೆ. ಆಮೇಲೆ ಖಾಲಿ ಹಾಳೆಗಳು.

ಲಕ್ಕಪ್ಪ ಕಾಕಾ ಈಗ ಹಿರೇಕೆರೂರಿನಲ್ಲಿ ವ್ಯಾಪಾರಿಯೊಬ್ಬರ ಕಣದಲ್ಲಿ ಕೂಲಿ ಮಾಡುತ್ತಾರೆ. ಒಣಗಲು ಹರವಿದ ಗೋವಿನಜೋಳಕ್ಕೆ ಹಕ್ಕಿ ಬರದಂತೆ ಕಾಯುವುದು ಅವರ ಕೆಲಸ.