ಕಡಲ ತಳಕ್ಕೊಂದು ಕುಂಕುಮ ಭರಣಿ

ಬೆಳಗಿನ ಆರು ಗಂಟೆ. ಚನ್ನಪಟ್ಟಣದ ಓಣಿಯಲ್ಲಿ ಕೆಂಚಮ್ಮ ಲೇತ್ ನಿಲ್ಲಿಸಿ, ಒಂದು ಮರದ ತುಂಡನ್ನು ಇನ್ನೊಂದರ ಮೇಲೆ ಕೂರಿಸಿ ಎಳೆಯುತ್ತಾರೆ. 'ಟಪ್' ಎಂದು ಬಿಡುತ್ತದೆ. ಇದು ಆಟಿಕೆಯಲ್ಲ. ಕಡಲ ತಳದಲ್ಲಿ ಕೆಟ್ಟು ನಿಂತ ಸಬ್‌ಮರೀನಿನಿಂದ ಜನರನ್ನು ಹೊರತರುವ ವಾಹನದ ಮಾದರಿ. ವಾಹನದ ಅಡಿಯ ಬಳೆಯಂಥ ಬಾಯಿ ಸಬ್‌ಮರೀನಿನ ಬಾಗಿಲ ಮೇಲೆ ನೀರು ನುಗ್ಗದಂತೆ ಕೂರಬೇಕು, ಜನ ಹತ್ತಿದ ಮೇಲೆ ಸಲೀಸಾಗಿ ಬಿಡಬೇಕು.

ಐವತ್ತೆರಡರ ಕೆಂಚಮ್ಮ ಮೂವತ್ತು ವರ್ಷದಿಂದ ದಿನಕ್ಕೆ ನಲವತ್ತು ಕುಂಕುಮ ಭರಣಿ ಕಡೆಯುತ್ತಿದ್ದಾರೆ. ಮೈಸೂರು ರಸ್ತೆಯಲ್ಲಿ ಒಂದನ್ನು ಕೊಂಡ, ಕಡಲ ತೀರದ ನೌಕಾ ತರಬೇತಿ ಶಾಲೆಯ ಮೇಷ್ಟ್ರೊಬ್ಬರು ಮುಚ್ಚಳ ಕೂರುವ ರೀತಿಗೆ ಮನಸೋತು ಇವರನ್ನು ಹುಡುಕಿಕೊಂಡು ಬಂದರು. ಮಾದರಿ ಒಪ್ಪಿಗೆಯಾದರೆ ಇನ್ನೂ ಇಪ್ಪತ್ತು ಬೇಕಂತೆ.

ಆದರೆ ಊರಿನ ಮಾತೆಲ್ಲ ರೇಷ್ಮೆಯದು. ಗೂಡಿನ ರೇಟು ಗಗನಕ್ಕೇರಿದೆ. ಪಕ್ಕದ ಮನೆಯ ವಾರಗಿತ್ತಿ ಭದ್ರಮ್ಮ ಗೂಡು ಮಾರಲು ರಾಮನಗರದ ಮಾರ್ಕೆಟ್ಟಿಗೆ ಹೋಗಿ ಬಂದಾಗಲೆಲ್ಲ ಮೈಮೇಲೆ ಹೊಸದೇನೋ ಹೊಳೆಯುತ್ತದೆ. ಹುಳ ಹಣ್ಣಾಗಿ ಗೂಡು ಕಟ್ಟುವ ದಿನಗಳಲ್ಲಿ ಕೆಂಚಮ್ಮ ಹೋದರೆ ಹುಳದ ಮನೆಯ ಬಾಗಿಲು ಮುಚ್ಚುತ್ತದೆ. ಹುಳಕ್ಕೆ ಕಣ್ಣಾಗುತ್ತದಂತೆ.

"ಬಾಗ್ಲಾಕೋದು ತಪ್ಪಲ್ಲ ಬುಡಿ. ನಂಗೆ ಹೊಟ್ಟೆಕಿಚ್ಚು ಐತೆ, ಯಾಕ್ ಸುಳ್ಳೇಳ್ಲಿ? ನಿಮ್ ಪೇಪರ್ನಲ್ಲೇ ಅಲ್ವಾ ಸಾರ್, ಹೋದ್ ತಿಂಗ್ಳು ಅವಳ ಫೋಟೊ ಹಾಕಿದ್ದು?" ಎನ್ನುತ್ತಾರೆ ಕೆಂಚಮ್ಮ.

ಹೌದು, ಬರೆದವನು ನಾನೇ; ಅಂದು ಪಕ್ಕದ ಈ ಮನೆಯತ್ತ ತಿರುಗಿಯೂ ನೋಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಪತ್ರಿಕೆಯವರಿಗೂ ಸಲ್ಲುತ್ತದೆ.

ಮೊದಲ ಮಾದರಿಯನ್ನು ಆ ಕಿಚ್ಚೇ ಕೆಡಿಸಿತು. "ಇದೇನಕ್ಕಾ, ಬಾಯಿ ಬರೀ ಕಟ್ಗೆ ಕಂಡಂಗ್ ಕಾಣ್ತೈತೆ" ಎಂದು ಭದ್ರಮ್ಮ ಕೈಬಳೆ ಕುಲುಕಿದ್ದರು. ಮುಚ್ಚಳ ಕೂರುವ ಕಂಠಕ್ಕೆ ಬಣ್ಣದ ಅರಗು ಹಚ್ಚಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ಕೆಂಚಮ್ಮ ರೋಷಕ್ಕೆ ಹಚ್ಚಿದರು, ಕೆಂಪಗೆ, ತಾಳೆಗರಿಯಲ್ಲಿ ಉಜ್ಜಿ ಮಿಂಚಿಸಿದರು. ದಾರಿಯ ಬಿಸಿಲಿಗೆ ಪಾರ್ಸೆಲ್ ಕಾದು, ಅರಗು ಕರಗಿ, ವಾಹನದ ಬಾಯಿ ಬಾಗಿಲಿಗೆ ಕಚ್ಚಿಕೊಂಡಿತು. ಮಾದರಿ ವಾಪಸು ಬಂತು, ಜೊತೆಗೊಂದು ಚೀಟಿ: ವಾಹನ ಬಾಗಿಲು ಬಿಟ್ಟು ಏಳುತ್ತಿಲ್ಲ. ಇನ್ನೊಂದೇ ಅವಕಾಶ.

"ಅದ್ರೊಳಗೆ ನಿಜವಾಗ್ಲೂ ಜನ ಇದ್ದಿದ್ರೆ ಏನ್ ಗತಿ ಸಾರ್? ಆರು ದಿನ ಕೂತು ಮತ್ತೆ ಕಡ್ದೆ. ಬಾಯ್ಗೆ ಒಂದ್ ತೊಟ್ಟೂ ಅರಗು ಮುಟ್ಟಿಸ್ಲಿಲ್ಲ."

ಇವತ್ತು ಅದು ಪಾರ್ಸೆಲ್ ಆಗುತ್ತದೆ. ಕಟ್ಟುವ ಮೊದಲು ಭದ್ರಮ್ಮ ಬಂದು ಇಣುಕುತ್ತಾರೆ. "ಈಗ್ಲೂ ಬೋಳಾಗೇ ಐತಲ್ಲಕ್ಕಾ" ಎನ್ನುತ್ತಾರೆ. ಕೆಂಚಮ್ಮ ದಾರ ಬಿಗಿಯುತ್ತಾರೆ.

ಏನಾಸೆ ಎಂದು ಕೇಳುತ್ತೇನೆ. "ಅಸಲಿ ಮಿಷನ್ ನೀರಿಗಿಳಿಯೋದ ಒಂದ್ಸಲ ನೋಡ್ಬೇಕು ಸಾರ್. ಭದ್ರೀನೂ ಕರ್ಕೊಂಡೋಯ್ತೀನಿ."

ಅವರನ್ನೇಕೆ?

"ಅವಳೂ ಒಂದಿನ ಹೊಟ್ಟೆ ಉರ್ಕೊಳ್ಳಿ. ಎಷ್ಟಂತ ನಾನೊಬ್ಳೇ ಉರ್ಕೊಳ್ಳಾದು?"