ಜಲಜಳ ನಾರ್ಮಲ್ ರಿಪೋರ್ಟುಗಳು

ನನ್ನ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಕುಂದಾಪುರ ಕಡೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸ್ತ್ರೀರೋಗ ತಜ್ಞೆಯಾಗಿದ್ದೆ. ಆ ಮಳೆಗಾಲದಲ್ಲಿ ಕಿರಿಮಂಜೇಶ್ವರದ ಜಲಜ ಮೂರನೆಯ ಸಲ ರಕ್ತಸ್ರಾವವೆಂದು ಬಂದಳು. ಗಂಡ ಬೋಟಿನಲ್ಲಿ ದುಡಿಯುವವ. ಇವಳು ಮನೆಮನೆಗೆ ಮೀನು ಮಾರುವವಳು. ಒಂಬತ್ತನೇ ವಾರ. ಸ್ಕ್ಯಾನಿನಲ್ಲಿ ಭ್ರೂಣದ ಎದೆಬಡಿತ ಇರಲಿಲ್ಲ.

ಹಿಂದಿನ ಎರಡು ಗರ್ಭಪಾತಕ್ಕೂ ನಾನೇ ಚಿಕಿತ್ಸೆ ಕೊಟ್ಟಿದ್ದೆ. ಹಳೆಯ ಚೀಟಿಗಳಲ್ಲಿ ನನ್ನದೇ ಅಕ್ಷರ: 'ವಿಶ್ರಾಂತಿ. ಮುಂದೆ ನೋಡೋಣ.' ಮೂರು ಸಲ ಆಗುವವರೆಗೆ ಕಾರಣ ಹುಡುಕುವ ರೂಢಿ ನಮ್ಮಲ್ಲಿರಲಿಲ್ಲ.

ಗರ್ಭಕೋಶ ಸ್ವಚ್ಛಗೊಳಿಸಿದ ಮೇಲೆ ಅವಳಿಗೆ ಹಾಸಿಗೆ ಸಿಕ್ಕಿದ್ದು ಬಾಣಂತಿಯರ ವಾರ್ಡಿನಲ್ಲಿ. ಪಕ್ಕದಲ್ಲೇ ಎರಡು ದಿನದ ಕೂಸು ಅಳುತ್ತಿತ್ತು. ಜಲಜ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಹೆಡ್ಗಿ ಹೊರ್ಬೇಡ ಅಂದ್ರೆ ಕೇಣ್ತಿಲ್ಲೆ ಡಾಕ್ಟ್ರೇ," ಎಂದರು ಅತ್ತೆ ಗಿರಿಜಮ್ಮ.

ಮೀನಿನ ಬುಟ್ಟಿಯಿಂದಾಗಲಿ, ಬಸ್ಸಿನ ಕುಲುಕಾಟದಿಂದಾಗಲಿ ಹೀಗಾಗುವುದಿಲ್ಲ. ಮೊದಲ ತಿಂಗಳುಗಳ ಗರ್ಭಪಾತಕ್ಕೆ ಹೆಚ್ಚಾಗಿ ಭ್ರೂಣ ಮೂಡುವಾಗಲೇ ಕ್ರೋಮೋಸೋಮಿನಲ್ಲಾಗುವ ದೋಷ ಕಾರಣ, ಅದು ಯಾರ ತಪ್ಪೂ ಅಲ್ಲ ಎಂದು ವಿವರಿಸಿದೆ.

ಗಿರಿಜಮ್ಮ ಎಲ್ಲ ಕೇಳಿಸಿಕೊಂಡು, "ಹಂಗಾರೆ ಊರೋರಿಗೆ ಇದನ್ನ್ ಯಾರ್ ಹೇಳೂದ್?" ಎಂದರು.

ಥೈರಾಯ್ಡ್, ರಕ್ತ ಹೆಪ್ಪುಗಟ್ಟಿಸುವ ಆಂಟಿಬಾಡಿ, ಗಂಡಹೆಂಡಿರ ಕ್ರೋಮೋಸೋಮ್, ಎಲ್ಲಕ್ಕೂ ಪರೀಕ್ಷೆ ಬರೆದೆ. ರಿಪೋರ್ಟುಗಳೆಲ್ಲ ನಾರ್ಮಲ್. ಒಳ್ಳೆಯ ಸುದ್ದಿಯೆಂಬಂತೆ ಹೇಳಿದೆ.

ಜಲಜ ಕೇಳಿದಳು: "ಎಲ್ಲ ನಾರ್ಮಲ್ ಆರೆ, ನಿಲ್ತಿಲ್ಲೆ ಎಂತಕೆ?"

ಹಲವರಲ್ಲಿ ಕಾರಣವೇ ಸಿಗುವುದಿಲ್ಲ, ಆದರೂ ಮುಂದೆ ಮಗು ಆದವರು ಬಹಳ ಜನ ಇದ್ದಾರೆ ಎಂದೆ. ಅದು ನಿಜವೇ. ಆದರೆ ಅವಳು ಕೇಳಿದ ಪ್ರಶ್ನೆಗೆ ಉತ್ತರವಲ್ಲ.

ಮರುವರ್ಷ ಮತ್ತೆ ಗರ್ಭ ನಿಂತಿತು. ವಾರವಾರವೂ ಕರೆಸಿ ನೋಡಿದೆ. ಏಳನೇ ವಾರ ಪರದೆಯ ಮೇಲೆ ಎದೆಬಡಿತ ತೋರಿಸಿದಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಎಂಟನೇ ವಾರ ಅದೇ ಪರದೆಯಲ್ಲಿ ಯಾವ ಚಲನೆಯೂ ಇರಲಿಲ್ಲ. ನಾನು ಹೇಳುವ ಮೊದಲೇ ಅವಳಿಗೆ ಗೊತ್ತಾಯಿತು.

"ಈ ಸಲ ಹೆಡ್ಗಿ ಮುಟ್ಲಿಲ್ಲೆ ಡಾಕ್ಟ್ರೇ. ಮನಿಂದ ಹೊರಗೇ ಬರ್ಲಿಲ್ಲೆ," ಎಂದಳು.

ಬುಟ್ಟಿಯಿಂದ ಆದದ್ದಲ್ಲವೆಂದು ವರ್ಷವಿಡೀ ನಾನು ಹೇಳಿದ್ದು ಅವಳ ಮನಸ್ಸಿಗೆ ಇಳಿದೇ ಇರಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು, "ಇನ್ನ್ ನಾ ಬತ್ತಿಲ್ಲೆ," ಎಂದಳು. ಬರಲಿಲ್ಲ. ಫೋನ್ ಮಾಡಿದರೆ ಗಿರಿಜಮ್ಮ, "ಜಲಜ ಮಾತಾಡೂದಿಲ್ಲೆ," ಎಂದು ಫೋನ್ ಇಟ್ಟರು.

ಗರ್ಭಪಾತವಾದವರಿಗೆ ಪ್ರತ್ಯೇಕವಾಗಿ ಎರಡು ಹಾಸಿಗೆ ಬೇಕೆಂದು ಮೇಲಿನವರಿಗೆ ಬರೆದೆ. ಜಾಗವಿಲ್ಲವೆಂದು ಉತ್ತರ ಬಂತು. ನಾನು ನಿವೃತ್ತಳಾಗುವ ದಿನವೂ ಗರ್ಭಪಾತವಾದವರು ಬಾಣಂತಿಯರ ನಡುವೆಯೇ ಮಲಗುತ್ತಿದ್ದರು.

ನಾಲ್ಕನೆಯದನ್ನು ಉಳಿಸುವುದು ನನ್ನ ಕೈಯಲ್ಲಿರಲಿಲ್ಲ. ಮೊದಲನೆಯದು ಹೋದ ದಿನ ಹತ್ತು ನಿಮಿಷ ಪಕ್ಕದಲ್ಲಿ ಕೂತು, 'ನಿನ್ನಿಂದ ಆದದ್ದಲ್ಲ' ಎನ್ನುವುದು ನನ್ನ ಕೈಯಲ್ಲಿತ್ತು. ಅಂದು ಹೇಳಿದ್ದರೆ ನಂಬುತ್ತಿದ್ದಳೇನೋ. ನಾನು ಬಾಯಿ ಬಿಡುವ ಹೊತ್ತಿಗೆ ಊರೆಲ್ಲ ಅವಳಿಗೆ ಬೇರೆಯದನ್ನು ಹೇಳಿ ಮುಗಿಸಿತ್ತು.